ಕುರಿಮರಿಯ ರಕ್ತದಲ್ಲಿ ಹಸಿರು ಚುಕ್ಕೆಗಳು

೧೯೮೯ರ ಮಳೆಗಾಲ ಮುಗಿದಿತ್ತು. ಕೊಲ್ಹಾಪುರದ ಪ್ರಯೋಗಾಲಯದಲ್ಲಿ ಕಾಂಚನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೂತಿದ್ದಳು. ದತ್ತವಾಡದ ಜೈನ ರೈತರ ಮನೆಯ ಈ ಹುಡುಗಿ ಸಂಶೋಧನೆಗೆ ಆರಿಸಿಕೊಂಡಿದ್ದು ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲೇ ಅಪರೂಪದ ಒಂದು ಜಾತಿಯನ್ನು, ಗಾಮಾ-ಡೆಲ್ಟಾ ಟಿ ಕೋಶವನ್ನು. ಅಂಥದ್ದೊಂದು ಇದೆಯೆಂದು ಗೊತ್ತಾಗಿಯೇ ಕೆಲವು ವರ್ಷವಾಗಿತ್ತು. ಮನುಷ್ಯರ ರಕ್ತದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಕ್ಕೀತು. ಆದರೆ ಇವತ್ತು ಅವಳ ಕಣ್ಣೆದುರಿಗಿದ್ದ ಕುರಿಮರಿಯ ರಕ್ತದ ತುಂಬ ಅವೇ! ಆ ಕೋಶಕ್ಕೆ ಮಾತ್ರ ಅಂಟುವ ಬಣ್ಣ ಎಲ್ಲೆಲ್ಲೂ ಹಸಿರಾಗಿ ಹೊಳೆಯುತ್ತಿತ್ತು.

"ತಪ್ಪಾಗೇತಿ ಕಾಂಚನ. ಬಣ್ಣ ಎಲ್ಲಾದಕ್ಕೂ ಹತ್ತೇತಿ," ಎಂದರು ಮಾರ್ಗದರ್ಶಕ ಅಭಯಕುಮಾರ. "ಹೊಸಾ ರಕ್ತ ತಗೊಂಡು ಬಾ. ಬ್ಯಾರೆ ಒಂದು ಮರೀದು, ಅದರ ತಾಯೀದು, ಒಬ್ಬ ಮನಶ್ಯಾಂದು. ಮೂರೂ ಕೂಡೇ ಇಟ್ಟು ನೋಡೂಣು."

ಮರುದಿನ ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ನೇಸರಿ ಎಂಬ ಊರಿಗೆ ಹೋದಳು. ಊರ ಹೊರಗೆ ಕುರಿದಡ್ಡಿಯಲ್ಲಿ, ಕುರಿಗಳ ಒಡತಿ ಬೀರವ್ವ ಎಳೆಯ ಮರಿಯನ್ನು ಎದೆಗೆ ಅವಚಿಕೊಂಡಳು.

"ಮೊನ್ನೆ ಹುಟ್ಟಿದ ಕೂಸೈತಿ. ಸೂಜಿ ಚುಚ್ಚಾಕ ನಾ ಕೊಡಂಗಿಲ್ಲ."

ಕಾಂಚನಳಿಗೆ ಬೇಸರವಾಗಲಿಲ್ಲ. ಚಿಕ್ಕಂದಿನಲ್ಲಿ ತನಗೆ ಸೂಜಿ ಹಾಕಿಸುವಾಗ ಅವಳ ತಾಯಿಯೂ ಹೀಗೇ ಅಂದಿದ್ದಳು. "ಒಂದ್ ಚಮಚದಷ್ಟ ಸಾಕ್ರಿ ಬೀರಕ್ಕಾ. ಮನಶ್ಯಾರದೂ ಬೇಕಾಗೇತಿ. ಮೊದಲ ನಂದ ತಗೋತೀನಿ, ನೋಡ್ರಿ," ಎಂದು ತೋಳು ಚಾಚಿದಳು.

ಬೀರವ್ವ ಆ ತೋಳನ್ನು ನೋಡಿ ನಕ್ಕುಬಿಟ್ಟಳು. "ಬಿಡ ಯವ್ವಾ, ನೀ ಮೊದಲ ಕಡ್ಡಿ ಆಗಿ. ನಂದ ತಗಿ!"

ಸೂಜಿ ಚುಚ್ಚಿದಾಗ ಹುಬ್ಬೂ ಗಂಟಿಕ್ಕಲಿಲ್ಲ. ಆಮೇಲೆ ತಾಯಿಕುರಿಯನ್ನೂ ಮರಿಯನ್ನೂ ತಾನೇ ಹಿಡಿದುಕೊಟ್ಟಳು. ಕಾಂಚನ ಹೊರಟು ನಿಂತಾಗ ಬೀರವ್ವನೂ ಸೆರಗು ಕೊಡವಿ ಎದ್ದಳು.

"ನನ್ನ ರಕ್ತ ಕೊಲ್ಲಾಪುರಕ್ಕ ಹೊಂಟೇತಿ, ನಾ ಇಲ್ಲಿ ಕುಂತ ಏನ್ ಮಾಡ್ಲಿ? ಏನ್ರೀ, ಕುರಿ ನೋಡ್ಕೋರಿ, ನಾಳೆ ಬರತೀನಿ!" ಎಂದು ಗಂಡ ಸಿದ್ರಾಮನಿಗೆ ಕೂಗಿ ಹೇಳಿದಳು.

ಬಸ್ಸಿನಲ್ಲಿ ರಕ್ತದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡವಳೂ ಅವಳೇ. ಕಂಡಕ್ಟರ್ ಏನದು ಎಂದ. "ನನ್ನ ರಕ್ತ ಐತೋ ತಮ್ಮಾ. ಡ್ರೈವರಗ ಹಗೂರಕ ಹೊಡಿ ಅನ್ನು!" ಬಸ್ಸೆಲ್ಲ ನಕ್ಕಿತು.

ಇಳಿಹೊತ್ತಿನಲ್ಲಿ ಅಭಯಕುಮಾರರು ರಕ್ತಕ್ಕೆ ಬಣ್ಣ ಹಾಕಿಟ್ಟ ಮೂರೂ ಗಾಜಿನ ಪಟ್ಟಿಗಳನ್ನು ಒಂದಾದ ಮೇಲೊಂದು ನೋಡಿದರು. ಮತ್ತೆ ನೋಡಿದರು.

"ಏ ಕಾಂಚನ, ಬಣ್ಣ ಸರೀ ಐತಿ! ತಾಯೀ ರಕ್ತದಾಗ ಕಡಿಮಿ, ಮನಶ್ಯಾರದ್ರಾಗ ಇನ್ನೂ ಕಡಿಮಿ. ಮರೀಗೆ ಖರೇನ ಇವು ಭಾಳ ಅದಾವು. ತಪ್ಪಿದ್ದು ನಾನು!"

ಅಷ್ಟರಲ್ಲಿ ಬೀರವ್ವ ನಡುವೆ ನುಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಇದು ಯಾರದು?"

"ನಿಮ್ಮದ್ರಿ."

"ಒಂದೋ ಎರಡೋ ಅದಾವಲ್ಲ! ನನಗೇನಾರ ಆಗತೈತೇನ?"

"ಇಲ್ರಿ, ಮನಶ್ಯಾರಿಗೆ ಅಷ್ಟ ಇರತಾವು. ಜಡ್ಡ ಬಂದ್ರ ಕಾಯಾಕ ನಮಗ ಬ್ಯಾರೆ ಜಾತೀವು ಬೇಕಾದಷ್ಟ ಅದಾವು."

ಕಾಂಚನ ಗಾಜು ಬದಲಿಸಿ ಮರಿಯದನ್ನು ಇಟ್ಟಳು. ಕತ್ತಲಿನ ತುಂಬ ಹಸಿರು ಚುಕ್ಕೆಗಳು. ಬೀರವ್ವ ಚಪ್ಪಾಳೆ ತಟ್ಟಿದಳು. "ಅಯ್ಯ ನನ್ನ ಕೂಸ! ಕಣ್ಣ ಬಿಟ್ಟು ನಾಕ ದಿನ ಆಗಿಲ್ಲ, ಎಷ್ಟ ಮಂದೀನ ಇಟಗೊಂಡಾನ!"

ಸಂಜೆ ಇಬ್ಬರೂ ರಂಕಾಳ ಕೆರೆಯ ದಂಡೆಗೆ ಹೋದರು. ಕೆಲಸದ ಚಿಂತೆಯಲ್ಲಿ ಎಷ್ಟೋ ದಿನದಿಂದ ಊಟ ಸೇರದಿದ್ದ ಕಾಂಚನ ಭೇಳ್‌ಪುರಿ ತಿಂದು ಇನ್ನೊಂದು ಪ್ಲೇಟು ಕೊಡಲು ಹೇಳಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬೀರವ್ವನೂ ಇನ್ನೊಂದಕ್ಕೆ ಕೈ ಚಾಚಿದಳು.