ಗಡಿಗೆಯ ಟೋಪಿ

ಬೆಳಿಗ್ಗೆ ಒಂಬತ್ತಕ್ಕೆ ಸೈನಿಕರು ಮೇಜರ್‌ನ ಶವಪೆಟ್ಟಿಗೆಯನ್ನು ಟ್ರಕ್ಕಿನಿಂದ ಇಳಿಸಿದರು. ಬಾಗಿಲು ಕಿರಿದಾಗಿದ್ದರಿಂದ ಅವನ ಅಕ್ಕ ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತಿ ದಾರಿ ಮಾಡಿಕೊಟ್ಟಳು. ಮನೆಯ ಮುಂದಿನ ಕೋಣೆಯೇ ಅವಳ ಟೈಲರ್ ಅಂಗಡಿ. ಅಮ್ಮನ ಕಣ್ಣು ಮಂಜಾಗುವವರೆಗೆ ಅದು ಅಮ್ಮನದಾಗಿತ್ತು.

ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆದಿದ್ದರು. ಮೇಲೆ ಬಾವುಟ, ಬಾವುಟದ ಮೇಲೆ ಅವನ ಶೌರ್ಯ ಪದಕಗಳು, ಒಂದು ಟೋಪಿ.

"ಮುಚ್ಚಳ ತೆಗೀರಪ್ಪ. ಮುಖ ಮುಟ್ಟಿ ನೋಡ್ತೀನಿ," ಎಂದಳು ಅಮ್ಮ.

ಜೊತೆಗೆ ಬಂದಿದ್ದ ಕ್ಯಾಪ್ಟನ್ ಎಳೆಯ ಹುಡುಗ, ಬರಿದಲೆಯಲ್ಲಿ ನಿಂತಿದ್ದ. "ಆಗಲ್ಲಮ್ಮ. ಅಪ್ಪಣೆ ಇಲ್ಲ."

"ಹೆತ್ತೋಳಿಗೆ ಯಾರಪ್ಪ ಅಪ್ಪಣೆ ಕೊಡೋರು?"

ಅಮ್ಮ ಬಾವುಟವನ್ನು ತಡವಿದಳು. ಬೆರಳುಗಳು ಪದಕಗಳನ್ನು ದಾಟಿ ಟೋಪಿಗೆ ಬಂದವು. ಅದನ್ನೆತ್ತಿ, ಒಳಗೆ ಕೈ ತೂರಿಸಿ, ಹಿಂಭಾಗವನ್ನು ಎರಡೆರಡು ಸಲ ಸವರಿದಳು.

"ಇದು ನನ್ನ ಮಗಂದಲ್ಲ."

ದೊಡ್ಡಪ್ಪ ಮುಂದೆ ಬಂದರು. "ಸಮಾಧಾನ ಮಾಡ್ಕೋಮ್ಮಾ. ಪದಕ ಅವನದ್ದೇ. ಪೇಪರ್‌ನಲ್ಲಿ ಫೋಟೋ ಸಮೇತ ಬಂದಿರಲಿಲ್ವಾ?"

"ಪದಕ ಯಾರೆದೆ ಮೇಲಾದ್ರೂ ಕೂರುತ್ತೆ ಬಾವಾ. ಈ ಟೋಪಿ ನಮ್ಮ ಗಡಿಗೆ ತಲೆಯೋನಿಗೆ ಅರ್ಧಕ್ಕೂ ಇಳಿಯಲ್ಲ. ಇನ್ಯಾರನ್ನೋ ತಂದಿದಾರೆ. ಅವನು ಬದುಕಿದಾನೆ!"

ಅಮ್ಮ ನಕ್ಕಳು. ಸುದ್ದಿ ಬಂದ ಮೇಲೆ ಒಂದು ಹನಿ ನೀರೂ ಗಂಟಲಿಗಿಳಿಸದಿದ್ದವಳು ಗಟ್ಟಿಯಾಗಿ ನಕ್ಕಳು. ಆಮೇಲೆ ಟೋಪಿಯನ್ನು ಪೆಟ್ಟಿಗೆಯ ಮೇಲೆಯೇ ಬಿಟ್ಟು, ಎದ್ದು ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು.

"ನಮ್ಮ ಹೆಸರಲ್ಲಿ ಇದನ್ನ ಸ್ಮಶಾನಕ್ಕೆ ಒಯ್ಯೋಕೆ ಬಿಡಲ್ಲ. ವಾಪಸ್ ತಗೊಂಡು ಹೋಗಿ. ಪಾಪ, ಯಾವ ತಾಯಿ ದಾರಿ ಕಾಯ್ತಿದಾಳೋ."

ಪಕ್ಕದ ಮನೆಯಾಕೆ ಮೆಲ್ಲಗೆ, "ಯುದ್ಧದಲ್ಲಿ ಹಾಗೂ ಆಗುತ್ತಂತೆ," ಎಂದಳು. ಟೋಪಿ ಅವನದಲ್ಲ ಎನ್ನುವುದು ಅಕ್ಕನ ಕಣ್ಣಿಗೂ ಬಿದ್ದಿತ್ತು.

*

ವರ್ಷಗಳ ಹಿಂದೆ, ತರಬೇತಿ ಮುಗಿಸಿ ತಮ್ಮ ಮೊದಲ ಸಲ ಮನೆಗೆ ಬಂದ ದಿನ ಟೋಪಿ ಅವನ ನೆತ್ತಿಯ ಮೇಲೆ ಕಾಗೆ ಕೂತ ಹಾಗೆ ಕೂತಿತ್ತು.

"ಸೈನ್ಯದಲ್ಲಿ ನನ್ನ ತಲೆಗೆ ಸೈಜೇ ಇಲ್ವಂತೆ ಅಕ್ಕಾ. ಏನಾದ್ರೂ ಮಾಡು."

"ಗಡಿಗೆಗೆ ಟೋಪಿ ಯಾಕೋ? ಮುಚ್ಚಳ ಹಾಕು ಸಾಕು."

ಹಾಗೆಂದರೂ ಅಕ್ಕ ಟೋಪಿಯ ಹಿಂದಿನ ಹೊಲಿಗೆ ಬಿಚ್ಚಿ, ಬೆರಳಗಲದ ಕಪ್ಪು ಬಟ್ಟೆಯ ತುಂಡು ಸೇರಿಸಿ ಕೈಯಲ್ಲೇ ಹೊಲಿದಳು. ಅಮ್ಮ ಪಕ್ಕದಲ್ಲಿ ಕೂತು, "ಹೊಲಿಗೆ ಒತ್ತಾಗಿರಲಿ, ಗುಂಡು ಬಂದ್ರೂ ಬಿಚ್ಚಬಾರದು," ಎಂದಿದ್ದಳು. ಮೂವರೂ ನಕ್ಕಿದ್ದರು. ಬಡ್ತಿ ಸಿಕ್ಕಿ ಹೊಸ ಟೋಪಿ ಬಂದಾಗಲೆಲ್ಲ ಅದು ಮೊದಲು ಈ ಕೋಣೆಗೆ ಬರುತ್ತಿತ್ತು.

*

ಅಕ್ಕ ಕ್ಯಾಪ್ಟನ್‌ನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ನಿಜ ಹೇಳು. ಅದಲುಬದಲಾಗಿದೆ ತಾನೆ?" ಆಗಿದೆ ಎಂದರೆ ಅವನ ಕಾಲಿಗೆ ಬೀಳಲು ಅವಳು ಸಿದ್ಧಳಿದ್ದಳು.

"ಇಲ್ಲ ಅಕ್ಕಾ. ಆ ಟೋಪಿ ನಂದು. ಪೆಟ್ಟಿಗೆ ಮೇಲೆ ಬರಿದಾಗಿ ಕಾಣಬಾರದು ಅಂತ ಇಟ್ಟೆ."

"ಅವಂದೆಲ್ಲಿ?"

"ಬಂಕರ್ ಸಿಡಿದಾಗ ಅದರ ಜೊತೆ ಹೋಯ್ತು."

"ಮುಖ ನೋಡಿದ್ಯಾ?"

ಅವನು ನೆಲ ನೋಡಿದ. "ಗುಡ್ಡದಿಂದ ಕೆಳಗೆ ಹೊತ್ತು ತಂದಿದ್ದು ನಾನೇ. ಕೈ ನೋಡಿ ಗುರುತು ಹಿಡಿದ್ವಿ."

ಒಲೆಯ ಮೇಲಿನ ನೀರು ಕುದಿದು ಕುದಿದು ತಳ ಕಂಡಿತ್ತು. ಅಕ್ಕ ಒಲೆ ಆರಿಸಿದಳು.

"ನಿನ್ನ ಟೋಪಿ ಹಾಳಾಗುತ್ತಪ್ಪಾ."

"ಆಗಲಿ ಅಕ್ಕಾ."

ಅವಳು ಹೊರಗೆ ಹೋಗಿ ಟೋಪಿಯನ್ನೂ ಸೂಜಿದಾರವನ್ನೂ ತಂದಳು. ಹಿಂದಿನ ಹೊಲಿಗೆ ಬಿಚ್ಚಿದಳು. ಕಪ್ಪು ಬಟ್ಟೆ ಕತ್ತರಿಸಲು ಅಳತೆ ಪಟ್ಟಿ ಬೇಕಾಗಲಿಲ್ಲ. ಸೂಜಿ ಒಮ್ಮೆ ಬೆರಳಿಗೆ ಚುಚ್ಚಿತು; ಒರೆಸಿಕೊಂಡು ಹೊಲಿದಳು. ಹೊರಗಿನಿಂದ ಅಮ್ಮನ ಮಾತು ಕೇಳಿಸುತ್ತಿತ್ತು: "ಅವನು ಬಂದ್ಮೇಲೆ ಈ ಕತೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾನೆ ನೋಡಿ."

ಅಕ್ಕ ದಾರ ಕಡಿದು ಹೊಸ್ತಿಲಿಗೆ ಬಂದಳು.

"ಅಮ್ಮಾ, ಟೋಪಿ ಮಾತ್ರ ಅದಲುಬದಲಾಗಿತ್ತಂತೆ. ಅವಂದು ಟ್ರಕ್ಕಲ್ಲೇ ಇತ್ತು. ತಗೋ."

ಅಮ್ಮ ನಗುತ್ತಲೇ ಕೈ ಚಾಚಿದಳು. ಬೆರಳುಗಳು ಹಿಂಭಾಗಕ್ಕೆ ಹೋದವು, ಕಪ್ಪು ತುಂಡನ್ನು ಹುಡುಕಿಕೊಂಡವು, ಒತ್ತು ಹೊಲಿಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದವು.

"ನಿನ್ನ ಕೈಯೇ," ಎಂದಳು.

ಟೋಪಿಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದು ಹೊಸ್ತಿಲು ಬಿಟ್ಟಳು.

"ಒಯ್ಯಿರಿ."

ಟೋಪಿಯನ್ನು ಅವಳು ಮರಳಿ ಕೊಡಲಿಲ್ಲ. ಸ್ಮಶಾನದಲ್ಲಿ ಬಂದೂಕುಗಳು ಮೇಲಕ್ಕೆ ಗುಂಡು ಹಾರಿಸಿದವು, ಸೈನಿಕರೆಲ್ಲ ಸೆಲ್ಯೂಟ್ ಮಾಡಿದರು. ಟೋಪಿಯಿಲ್ಲದ ತಲೆಯಲ್ಲಿ ಸೆಲ್ಯೂಟ್ ಮಾಡುವಂತಿಲ್ಲ ಎಂಬುದು ಅವರ ನಿಯಮ. ಮೇಜರ್‌ನನ್ನು ಹೊತ್ತು ತಂದಿದ್ದ ಕ್ಯಾಪ್ಟನ್ ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ನಿಂತಿದ್ದ.

ಮುಂದಿನ ತಿಂಗಳು ಕದನವಿರಾಮದ ಒಪ್ಪಂದದಂತೆ ಮೇಜರ್ ಪ್ರಾಣ ಬಿಟ್ಟ ಆ ಗುಡ್ಡವನ್ನು ಬಿಟ್ಟುಕೊಡಲಾಯಿತು.