ದೇವೇಂದ್ರನ ಕುರ್ಚಿ

ಹೈಸ್ಕೂಲಿನಲ್ಲಿ ನನಗೆ ಕನ್ನಡ ಪ್ರಬಂಧಕ್ಕೆ ಬಹುಮಾನ ಬಂದಿತ್ತೆಂದು ನನ್ನ ಗಂಡ ಯಜ್ಞೇಶ್ ಯಾರದೋ ಮನೆಯ ಊಟದಲ್ಲಿ ಬಾಯಿಬಿಟ್ಟರು. ಅಂದಿನಿಂದ ದೋಹಾದ ನಮ್ಮ ಕರಾವಳಿ ಬಳಗದಲ್ಲಿ ಯಾರಿಗೆ ಶಾಲು ಹೊದೆಸಿದರೂ ಸನ್ಮಾನಪತ್ರ ಬರೆಯುವವಳು ನಾನೇ. ಹಗಲಿಡೀ ಕ್ಲಿನಿಕ್ಕಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು, ಅಲ್ ವಕ್ರಾದ ಮನೆಗೆ ಬಂದು ಕುಕ್ಕರ್ ಇಟ್ಟು, ಮಗಳ ಹೋಮ್‌ವರ್ಕ್ ನೋಡಿ, ಆಮೇಲೆ ಯಾರದೋ ಬಾಲ್ಯದ ಕಷ್ಟಗಳನ್ನು ವರ್ಣಿಸಲು ಕೂರಬೇಕು.

ಈ ವರ್ಷದ ಸನ್ಮಾನ ಆಸ್ಟ್ರೇಲಿಯಾದವರೊಬ್ಬರಿಗೆ.

"ಭವ್ಯಕ್ಕ, ನೆವಿಲ್ ಟ್ರೆಗಾರ್ಥ್ ಅಂದ್ರೆ ಸಾಧಾರಣ ಜನ ಅಲ್ಲ ಮಾರಾಯ್ರೆ," ಎಂದರು ಫೋನಿನಲ್ಲಿ ಬಳಗದ ಅಧ್ಯಕ್ಷ ತಾರಾನಾಥಣ್ಣ. "ಗೂಗಲ್ ಮಾಡಿ ನೋಡಿ. ನಾಲ್ಕು ಪುಟ ಆದ್ರೂ ಬೇಕು."

ತಾರಾನಾಥಣ್ಣ ಟ್ರೆಗಾರ್ಥ್ ಅವರ ಇಲ್ಲಿನ ಕೋಲ್ಡ್ ಸ್ಟೋರೇಜ್ ಕಂಪೆನಿಯಲ್ಲಿ ಪರ್ಚೇಸ್ ಮ್ಯಾನೇಜರ್. ಮಾಲೀಕರು ಪರ್ತ್‌ನಿಂದ ಬರುವ ವಾರದಲ್ಲೇ ನಮ್ಮ ವಾರ್ಷಿಕೋತ್ಸವ. ಅವರನ್ನು ವೇದಿಕೆಗೆ ಹತ್ತಿಸದೆ ತಾರಾನಾಥಣ್ಣನಿಗೆ ನಿದ್ದೆ ಬರುವಂತಿರಲಿಲ್ಲ.

"ಮಕ್ಕಳ ಯಕ್ಷಗಾನಕ್ಕೆ ಎಷ್ಟು ಹೊತ್ತು ಇಟ್ಟಿದ್ದೀರಿ?" ಎಂದು ಕೇಳಿದೆ.

"ಅದು ಇದ್ದೇ ಉಂಟಲ್ಲ. ಸಭೆ ಮುಗಿದ ಕೂಡಲೇ."

"ಹೋದ ವರ್ಷವೂ ಹೀಗೇ ಹೇಳಿದ್ದೀರಿ."

"ಹೋದ ವರ್ಷದ್ದು ಈಗ ಯಾಕೆ ಅಕ್ಕ?"

ಹೋದ ವರ್ಷದ್ದು ನನಗೆ ಈಗಲೂ ಬೇಕು. ನಾವು ಬಾಡಿಗೆಗೆ ಹಿಡಿಯುವುದು ಅಲ್ ರಯ್ಯಾನ್ ಕಡೆಯ ಒಂದು ಶಾಲೆಯ ಹಾಲ್. ಹತ್ತು ಗಂಟೆಗೆ ಖಾಲಿ ಮಾಡಬೇಕು. ಹೋದ ವರ್ಷ ಸ್ವಾಗತ, ಪ್ರಾಸ್ತಾವಿಕ, ಆರು ಜನರಿಗೆ ಶಾಲು, ಆರು ಹಣ್ಣಿನ ಬುಟ್ಟಿ, ಆರು ಜನರ ಎರಡೆರಡು ಮಾತು, ಮೇಲೆ ವಂದನಾರ್ಪಣೆ ಎಲ್ಲ ಮುಗಿಯುವಾಗ ಹಾಲಿನ ಮೇಲ್ವಿಚಾರಕ ಅಶ್ರಫ್ ಒಂದೊಂದೇ ದೀಪ ಆರಿಸತೊಡಗಿದ್ದರು. ಬಣ್ಣ ಹಚ್ಚಿ, ಕಿರೀಟ ಬಿಗಿದು, ಬಾತ್‌ರೂಮಿಗೂ ಹೋಗಲಾರದೆ ಸಂಜೆಯಿಂದ ನಿಂತ ಎಂಟು ಮಕ್ಕಳು ಹಾಗೆಯೇ ಮನೆಗೆ ಹೋದರು. ನನ್ನ ಮಗಳು ಯಶ್ಮಿತಾ ಮುಖ ತೊಳೆಯದೆ ಮಲಗಿದಳು. ತಲೆದಿಂಬಿನ ಬಣ್ಣ ಎಷ್ಟು ಒಗೆದರೂ ಹೋಗಿಲ್ಲ.

ಈ ವರ್ಷ ಅವಳಿಗೆ ದೇವೇಂದ್ರನ ಪಾತ್ರ ಸಿಕ್ಕಿದ ದಿನವೇ ನನಗೆ ಹೇಳಿಬಿಟ್ಟಿದ್ದಳು: "ಅಮ್ಮ, ದಿಸ್ ಟೈಮ್ ಆಲ್ಸೋ ಕ್ಯಾನ್ಸಲ್ ಆದ್ರೆ ಐ ಆಮ್ ಡನ್. ಕ್ಲಾಸಿಗೆ ಹೋಗಲ್ಲ."

ಹನ್ನೊಂದು ವರ್ಷದವಳು, ಆದರೆ ಹೇಳಿದ್ದನ್ನು ಮಾಡುವವಳು. ಈಜು ಬಿಟ್ಟಿದ್ದಾಳೆ, ಅಬಾಕಸ್ ಬಿಟ್ಟಿದ್ದಾಳೆ. ಅವು ಹೋದರೆ ಹೋಗಲಿ. ಆದರೆ ಅವಳು ಬಾಯಿತುಂಬ ಕನ್ನಡ ಆಡುವುದು ಶನಿವಾರದ ಆ ಯಕ್ಷಗಾನ ಕ್ಲಾಸಿನಲ್ಲಿ ಮಾತ್ರ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅಜ್ಜಿ ವಿಡಿಯೋ ಕಾಲ್ ಮಾಡಿದರೆ "ಹಾಂ, ಹೂಂ, ಊಟ ಆಯ್ತು" ಎನ್ನುವುದರಲ್ಲಿ ಮುಗಿಯಿತು. ಅದೇ ಹುಡುಗಿ ದುಗ್ಗಣ್ಣನ ಮುಂದೆ ಗೆಜ್ಜೆ ಕಟ್ಟಿ ನಿಂತರೆ "ಎಲೈ ಸಾರಥೀ" ಎಂದು ಶುರುಮಾಡಿ ಉಸಿರು ತೆಗೆದುಕೊಳ್ಳುವುದಿಲ್ಲ. ದುಗ್ಗಣ್ಣ ಹಗಲು ಏಸಿ ರಿಪೇರಿ ಮಾಡುವವರು, ರಜೆಯಲ್ಲಿ ಚೆಂಡೆ ಬಾರಿಸಿ ಮಕ್ಕಳಿಗೆ ಯಕ್ಷಗಾನ ಕಲಿಸುವವರು. "ಮಾತು ಬಾಯಿಪಾಠ ಮಾಡ್ಬೇಡಿ ಮಕ್ಕಳೇ. ಎದುರಿನವ ಎಂತ ಹೇಳ್ತಾನೆ ಕೇಳಿ, ಅದಕ್ಕೆ ಉತ್ತರ ಕೊಡಿ," ಎನ್ನುವುದು ಅವರ ಪದ್ಧತಿ.

ಸರಿ, ಟ್ರೆಗಾರ್ಥ್ ಅವರನ್ನು ಗೂಗಲ್ ಮಾಡಿದೆ.

ಹುಟ್ಟಿದ್ದು ಸಾವಿರಾರು ಎಕರೆ ಕುರಿ ಫಾರ್ಮ್ ಇದ್ದ ಮನೆಯಲ್ಲಿ. ಇಪ್ಪತ್ತರ ಪ್ರಾಯದಲ್ಲಿ ಅಪ್ಪನ ಕುರಿಗಳನ್ನು ಹಡಗಿಗೆ ತುಂಬಿಸಿ ಗಲ್ಫಿಗೆ ಕಳಿಸಿದರು. ಮುಂದೆ ಹಡಗುಗಳನ್ನೇ ಕೊಂಡರು. ಬಳಿಕ ಕಬ್ಬಿಣದ ಅದಿರಿನ ಗುಡ್ಡ, ಒಂದು ಟಿವಿ ಚಾನೆಲ್, ಒಂದು ಫುಟ್‌ಬಾಲ್ ತಂಡ. ಹಾಯಿದೋಣಿ ಸ್ಪರ್ಧೆಯಲ್ಲಿ ಗೆದ್ದು ಷಾಂಪೇನ್ ಚಿಮ್ಮಿಸುವ ಫೋಟೊ ಎಲ್ಲ ಕಡೆ ಇತ್ತು. ಅದಾದ ಮೇಲೆ ಬ್ಯಾಂಕಿನವರು ಬಂದರು. ಸ್ವಂತ ಕಂಪೆನಿಯ ಬೋರ್ಡೇ ಅವರನ್ನು ಹೊರಗೆ ಹಾಕಿತು. ಕೋರ್ಟು, ದಿವಾಳಿ, ಎರಡನೇ ಹೆಂಡತಿಯ ಹೆಸರಿನಲ್ಲಿ ಫ್ರೋಜನ್ ಮಾಂಸದ ವ್ಯಾಪಾರ, ಮತ್ತೆ ಶ್ರೀಮಂತಿಕೆ, ಮತ್ತೆ ಪತ್ರಿಕೆಯ ಮುಖಪುಟ, ಮೂರನೇ ಹೆಂಡತಿ. ಎಪ್ಪತ್ತು ದಾಟಿದ ಮೇಲೆ ದೋಹಾದಲ್ಲಿ ಕೋಲ್ಡ್ ಸ್ಟೋರೇಜ್. ಆ ಮನುಷ್ಯ ಬಿದ್ದಾಗಲೂ ಎದ್ದಾಗಲೂ ಕ್ಯಾಮೆರಾದ ಎದುರೇ ಇದ್ದರು.

ಬರೆದು ಕಳಿಸಿದೆ. ಕೂಡಲೇ ಫೋನ್ ಬಂತು.

"ಎಲ್ಲ ಲಾಯ್ಕುಂಟು ಭವ್ಯಕ್ಕ. ಬಡತನ ಎಲ್ಲಿ?"

"ಅವರು ಬಡವರಲ್ಲ ತಾರಾನಾಥಣ್ಣ. ಹುಟ್ಟುವಾಗಲೇ ಸಾವಿರಾರು ಎಕರೆ ಇತ್ತು."

"ಬಡತನ ಇಲ್ಲದ ಸನ್ಮಾನಪತ್ರ ಎಲ್ಲಿಯಾದ್ರೂ ಉಂಟಾ? ಮಧ್ಯದಲ್ಲಿ ದಿವಾಳಿ ಆದದ್ದುಂಟಲ್ಲ, ಅದನ್ನು ತೆಗ್ದು ಬಾಲ್ಯಕ್ಕೆ ಹಾಕಿ."

"ದಿವಾಳಿಯನ್ನು ಬಾಲ್ಯಕ್ಕೆ ಹಾಕುವುದಾ?"

"ಕಷ್ಟ ಕಷ್ಟವೇ ಅಲ್ವಾ ಅಕ್ಕ, ಯಾವಾಗ ಬಂದ್ರೆ ಎಂತ? ಮತ್ತೆ 'ಕಲಾಪೋಷಕ' ಅಂತ ಎರಡು ಕಡೆ ಸೇರಿಸಿ."

ಅವರು ಯಾವ ಕಲೆಯನ್ನು ಪೋಷಿಸಿದ್ದಾರೆಂದು ಕೇಳುವ ತ್ರಾಣ ನನ್ನಲ್ಲಿರಲಿಲ್ಲ. ದಿವಾಳಿಯನ್ನು ಬಾಲ್ಯಕ್ಕೆ ಸಾಗಿಸಿ, ಅದನ್ನೂ ಸೇರಿಸಿದೆ. ನಾಲ್ಕು ಪುಟವೂ ಒಂದೇ ಹಾಳೆಗೆ ಇಳಿದು, ಗಾಜಿನ ಚೌಕಟ್ಟು ಹಾಕಿಸಿಕೊಂಡು, ಮಗುವಿನ ತೊಟ್ಟಿಲಿನಷ್ಟು ದೊಡ್ಡದಾಗಿ ಬಂತು.

ಶುಕ್ರವಾರ ಸಂಜೆ ಹಾಲ್ ತುಂಬಿತು. ವೇದಿಕೆಯ ನಡುವೆ ಮದುವೆ ಮಂಟಪದವರಿಂದ ತಂದ ಕುರ್ಚಿ: ಕೆಂಪು ಮಖಮಲ್, ಚಿನ್ನದ ಬಣ್ಣದ ಸಿಂಹದ ಕೈಗಳು. ಅಂಥದ್ದು ಒಂದೇ ಸಿಕ್ಕಿತ್ತು. ಮೊದಲು ಸನ್ಮಾನಕ್ಕೆ, ಆಮೇಲೆ ದೇವೇಂದ್ರನ ಸಿಂಹಾಸನಕ್ಕೆ ಎಂದು ಮಾತಾಗಿತ್ತು.

ಮೊದಲಿಗೆ ಟ್ರೆಗಾರ್ಥ್ ತಡವಾಗಿ ಬಂದರು. ಅವರು ಬರುವವರೆಗೆ ತಾರಾನಾಥಣ್ಣ ದೀಪ ಹಚ್ಚಲು ಬಿಡಲಿಲ್ಲ. ದೀಪ ಹಚ್ಚಿದ ಮೇಲೆ ಪ್ರಾಸ್ತಾವಿಕ ಮಾಡಿದವರು ಬಳಗದ ಇತಿಹಾಸವನ್ನು ಮೊದಲ ಮೀಟಿಂಗಿನ ಚಹಾದಿಂದ ಹೇಳಿದರು. ನಾನು ಪರದೆಯ ಹಿಂದೆ ಹೋಗಿ ನೋಡಿದೆ. ರಾಕ್ಷಸನ ವೇಷದ ಜೆಸಿಕಾ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಯಶ್ಮಿತಾ ಎರಡೂ ಕೈಯಲ್ಲಿ ಕಿರೀಟ ಹಿಡಿದುಕೊಂಡು ನಿಂತಿದ್ದಳು.

"ಹೌ ಮಚ್ ಮೋರ್?" ಎಂದಳು.

"ಇನ್ನು ಸ್ವಲ್ಪ."

"ಯೂ ಸೆಡ್ ದಟ್ ಲಾಸ್ಟ್ ಇಯರ್."

ದುಗ್ಗಣ್ಣ ಚೆಂಡೆಯನ್ನು ಹೆಗಲಿಗೆ ಹಾಕಿಕೊಂಡೇ ಕೂತಿದ್ದರು. "ಭವ್ಯಕ್ಕ, ನೀವು ಅಲ್ಲಿಂದ ಒಂದು ತಲೆ ಆಡಿಸಿದ್ರೆ ಸಾಕು. ಚೆಂಡೆಗೆ ಮೈಕು ಬೇಡ."

"ಅಧ್ಯಕ್ಷರು ಬೈತಾರೆ."

"ಬೈಯುದು ಕೇಳಿಸಿದ್ರಲ್ವಾ?"

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಟ್ರೆಗಾರ್ಥ್ ಅವರಿಗೆ ಶಾಲು ಹೊದೆಸಿ, ಪೇಟ ತೊಡಿಸಿ, ಹಾರ ಹಾಕಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟಿದ್ದರು. ಕೆಂಪು ಮುಖ, ಬಿಳಿ ಹುಬ್ಬು. ಬಸ್ಸಿನಲ್ಲಿ ಯಾರದೋ ಸಾಮಾನು ಹಿಡಿದುಕೊಂಡು ಕೂತವರಂತೆ ಕಾಣುತ್ತಿದ್ದರು. ನಾನು ಸನ್ಮಾನಪತ್ರದ ಮೊದಲ ವಾಕ್ಯ ಓದಿದೆ. ಆಮೇಲೆ ಕೊನೆಯ ವಾಕ್ಯ ಓದಿದೆ. ಸಭೆ ಚಪ್ಪಾಳೆ ತಟ್ಟಿತು.

"ಮಧ್ಯದ್ದು?" ಎಂದು ತಾರಾನಾಥಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಓದಿದೆನಲ್ಲ."

ಉಳಿಸಿದ ಸಮಯ ನನ್ನ ಕೈಗೆ ಸಿಗಲಿಲ್ಲ. ಟ್ರೆಗಾರ್ಥ್ ಅವರು ಕೂತಲ್ಲಿಗೇ ಮೈಕ್ ತರಿಸಿಕೊಂಡರು. ಸಭೆಯಲ್ಲಿ ಇಂಗ್ಲಿಷ್ ಬಾರದವರು ಒಬ್ಬರೂ ಇರಲಿಲ್ಲ. ಆದರೂ ನಮ್ಮ ಸಂಸ್ಕೃತಿ ಎಂದು ತಾರಾನಾಥಣ್ಣ ನನ್ನನ್ನು ಅನುವಾದಕ್ಕೆ ಪಕ್ಕದಲ್ಲೇ ನಿಲ್ಲಿಸಿದರು.

ಕುರಿಗಳಿಂದ ಶುರುವಾಯಿತು. ಮೊದಲ ಹಡಗಿನಲ್ಲಿ ಕುರಿಗಳ ಜೊತೆ ತಾವೇ ಬಂದದ್ದು, ದಾರಿಯಲ್ಲಿ ವಾಂತಿ ಮಾಡಿದ್ದು, ಬಂದರಿನಲ್ಲಿ ಭಾಷೆ ಬಾರದೆ ಬೆರಳಿನಲ್ಲೇ ಚೌಕಾಸಿ ಮಾಡಿದ್ದು. ಅಷ್ಟು ಚೆನ್ನಾಗಿತ್ತು ಎಂದು ಒಪ್ಪಬೇಕು. ಆಮೇಲೆ ಅದಿರಿನ ಗುಡ್ಡ ಬಂತು, ಹೆಲಿಕಾಪ್ಟರ್ ಬಂತು, ಯಾವುದೋ ಮಂತ್ರಿಯ ಜೊತೆಗಿನ ಜಗಳ ಬಂತು. ಅವರು ಒಂದು ಗುಡ್ಡ ಹೇಳಿದರೆ ನಾನು ಒಂದು ಸಾಲು ಹೇಳಿದೆ.

"ಟಿವಿ ಚಾನೆಲ್ ಕೊಂಡರು, ಮಾರಿದರು," ಎಂದಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಿಮ್ಮ ಭಾಷೆ ತುಂಬ ಚುಟುಕು ಎಂದರು ಇಂಗ್ಲಿಷಿನಲ್ಲಿ. ಹೌದು ಸರ್ ಎಂದೆ.

ಬಾಗಿಲಲ್ಲಿ ಅಶ್ರಫ್ ಬೀಗದ ಗೊಂಚಲು ಹಿಡಿದು ಕೈಗಡಿಯಾರ ತೋರಿಸಿದರು. ಟ್ರೆಗಾರ್ಥ್ ಇನ್ನೂ ಹಾಯಿದೋಣಿ ಸ್ಪರ್ಧೆಗೆ ಬಂದಿರಲಿಲ್ಲ. ದಿವಾಳಿ ಬಾಕಿ ಇತ್ತು. ಇಬ್ಬರು ಹೆಂಡತಿಯರು ಬಾಕಿ ಇದ್ದರು.

ನಾನು ಪರದೆಯ ಕಡೆ ತಿರುಗಿ ತಲೆ ಆಡಿಸಿದೆ.

ಚೆಂಡೆ ಒಮ್ಮೆಲೇ ಎದ್ದಿತು. ಊರಲ್ಲಿ ಆಟ ಶುರುವಾಗುವ ಮೊದಲು ಮೈಲಿಗಟ್ಟಲೆ ಕೇಳಲೆಂದು ಬಡಿಯುತ್ತಾರಲ್ಲ, ಆ ಬಡಿತ. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೆಲ್ಲ ನೆಟ್ಟಗೆ ಕೂತರು. ತಾರಾನಾಥಣ್ಣನ ಬಾಯಿ ಆಡುವುದು ಕಂಡಿತು, ಏನೂ ಕೇಳಿಸಲಿಲ್ಲ. ಟ್ರೆಗಾರ್ಥ್ ಅವರು ಮಾತ್ರ ಇದು ತಮ್ಮ ಸನ್ಮಾನದ ಮುಂದಿನ ಭಾಗವೆಂದು ತಿಳಿದು ಮೈಕ್ ಕೆಳಗಿಟ್ಟು, ಪೇಟ ಸರಿಮಾಡಿಕೊಂಡು, ಕೈ ಜೋಡಿಸಿ ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂತರು.

ಪರದೆ ಸರಿಯಿತು. ದೇವೇಂದ್ರ ಕುಣಿಯುತ್ತ ಬಂದಳು. ಸುತ್ತು ಹಾಕಿ, ಸಭೆಗೆ ವಂದಿಸಿ, ಕೂರಲೆಂದು ತಿರುಗಿದರೆ ಸಿಂಹಾಸನದಲ್ಲಿ ಜನ. ದುಗ್ಗಣ್ಣ ಚೆಂಡೆ ನಿಲ್ಲಿಸಿದರು. ಅವಳು ನನ್ನ ಕಡೆ ನೋಡಿದರೆ ಅಳುತ್ತಾಳೆ, ಅತ್ತರೆ ಒಳಗೆ ಓಡುತ್ತಾಳೆ, ಓಡಿದರೆ ಎಲ್ಲ ಅಲ್ಲಿಗೇ ಮುಗಿಯಿತು.

ಅವಳು ನನ್ನ ಕಡೆ ನೋಡಲೇ ಇಲ್ಲ.

"ಎಲೈ ವೃದ್ಧನೇ," ಎಂದಳು, ಸೊಂಟಕ್ಕೆ ಕೈಯಿಟ್ಟು. "ಸ್ವರ್ಗಾಧಿಪತಿಯಾದ ನಮ್ಮ ಸಿಂಹಾಸನದಲ್ಲಿ ಹಣ್ಣಿನ ಬುಟ್ಟಿ ಸಮೇತ ಕುಳಿತಿರುವ ನೀನು ಯಾರು?"

ಹಾಲ್ ಕುಸಿದು ಬಿದ್ದಂತೆ ನಕ್ಕಿತು. ತಾರಾನಾಥಣ್ಣ ಹಣೆಗೆ ಕೈ ಹಚ್ಚಿದರು. ಟ್ರೆಗಾರ್ಥ್ ನನ್ನತ್ತ ತಿರುಗಿ, ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಇದ್ದದ್ದನ್ನು ಇದ್ದಂತೆಯೇ ಹೇಳಿದೆ: ಅವಳು ದೇವತೆಗಳ ರಾಜ, ನೀವು ಕೂತದ್ದು ಅವಳ ಕುರ್ಚಿ, ನೀವು ಯಾರೆಂದು ಕೇಳುತ್ತಿದ್ದಾಳೆ.

ಅವರು ಬಿಳಿ ಹುಬ್ಬು ಏರಿಸಿ ಅವಳನ್ನು ಕಿರೀಟದಿಂದ ಗೆಜ್ಜೆಯವರೆಗೆ ನೋಡಿದರು. ಕುರಿ ಮಾರುವವನು ಎಂದು ಹೇಳಿ ಎಂದರು.

"ಕುರಿ ಮಾರುವವರಂತೆ," ಎಂದೆ. ಆ ಸಂಜೆ ನಾನು ಪೂರ್ತಿ ಅನುವಾದಿಸಿದ ಅವರ ವಾಕ್ಯ ಅದೊಂದೇ.

"ಕುರಿ ಮಾರುವವನಾದರೆ ಸಂತೆಗೆ ಹೋಗು," ಎಂದಳು ದೇವೇಂದ್ರ. "ಇದು ದೇವಸಭೆ. ಇಲ್ಲಿ ಯಾರಿಗೂ ಮಾಂಸ ಬೇಡ."

ಇದರ ಅನುವಾದಕ್ಕೆ ಅವರು ಕಾಯಲಿಲ್ಲ. ಬುಟ್ಟಿ ಎತ್ತಿಕೊಂಡು ಎದ್ದು, ಅವಳಿಗೆ ತಲೆ ಬಾಗಿಸಿ, ನನ್ನ ಪಕ್ಕದಲ್ಲಿ ಬಂದು ನಿಂತರು. ಅವಳು ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಚೆಂಡೆ ಮತ್ತೆ ಶುರುವಾಯಿತು.

ಅರ್ಧ ಗಂಟೆಯ ಆಟ ಹತ್ತು ನಿಮಿಷಕ್ಕೆ ಇಳಿಯಿತು. ರಾಕ್ಷಸನಿಗೆ ತಪಸ್ಸು ಮಾಡಲು ಪುರುಸೊತ್ತಾಗಲಿಲ್ಲ. ಜೆಸಿಕಾ ನಿದ್ದೆಗಣ್ಣಿನಲ್ಲೇ ಬಂದು ನೇರ ಯುದ್ಧ ಮಾಡಿದಳು. ವಂದನಾರ್ಪಣೆ ಆಗಲೇ ಇಲ್ಲ. ಅಶ್ರಫ್ ಕೊನೆಯ ದೀಪವನ್ನು ಮಂಗಳ ಹಾಡುವವರೆಗೆ ಉಳಿಸಿಕೊಟ್ಟರು.

ಕಾರಿನಲ್ಲಿ ಯಜ್ಞೇಶ್ ಸ್ಟಿಯರಿಂಗ್ ಹಿಡಿದು ತಮ್ಮಷ್ಟಕ್ಕೇ ನಗುತ್ತಿದ್ದರು. ನನ್ನ ಫೋನಿಗೆ ತಾರಾನಾಥಣ್ಣನ ವಾಯ್ಸ್ ಮೆಸೇಜ್: "ಭವ್ಯಕ್ಕ, ನೀವು ಮಾಡಿದ್ದು ಸರಿಯಲ್ಲ, ಅದು ಮತ್ತೆ ಮಾತಾಡುವ. ಈಗ ಸರ್‌ಗೆ ಸನ್ಮಾನಪತ್ರದ ಇಂಗ್ಲಿಷ್ ಕಾಪಿ ಬೇಕಂತೆ. ನಾಳೆ ಬೆಳಿಗ್ಗೆ ಫ್ಲೈಟಿಗೆ ಮೊದಲು. ಎಲ್ಲ ನಾಲ್ಕು ಪುಟ."

ಇನ್ನು ಅವರೇ ಓದುತ್ತಾರೆಂದ ಮೇಲೆ ದಿವಾಳಿಯನ್ನು ಬಾಲ್ಯದಿಂದ ತೆಗೆದು ಮತ್ತೆ ಅದರ ಜಾಗಕ್ಕೆ ಹಾಕಬೇಕು. ಹಿಂದಿನ ಸೀಟಿಗೆ ತಿರುಗಿದೆ. ಯಶ್ಮಿತಾ ಅರ್ಧ ಒರೆಸಿದ ಮುಖದಲ್ಲಿ ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು ಸೇಬು ತಿನ್ನುತ್ತಿದ್ದಳು. ಆ ಸೇಬು ಯಾರ ಬುಟ್ಟಿಯದೆಂದು ನಾನು ಕೇಳಲಿಲ್ಲ.

"ಅಮ್ಮ," ಎಂದಳು, ಬಾಯಲ್ಲಿದ್ದದ್ದನ್ನು ನುಂಗಿ. "ನಾಳೆ ಕ್ಲಾಸ್ ಉಂಟಲ್ಲ?"