ಗೊರಕೆ ನಿಂತ ಮಧ್ಯಾಹ್ನ

ಜೇನುಪೆಟ್ಟಿಗೆಗಳನ್ನು ಸಾಗಿಸುವುದು ಕತ್ತಲಾದ ಮೇಲೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ. ಹಾಗಾಗಿ ಜೇನಿನವನಿಗೆ ಮೂವತ್ತು ವರ್ಷದಿಂದ ಹಗಲೇ ನಿದ್ದೆ. ಆ ನಿದ್ದೆಗೆ ಎರಡು ವರ್ಷದಿಂದ ಆಕ್ಸಿಜನ್ ಮಷೀನಿನ ಕೊಳವೆ ಅಂಟಿಕೊಂಡಿತ್ತು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆ ಎಂದು ಈಚೆಗೆ ಗೊತ್ತಾಗಿ, ಗಾಳಿ ಒತ್ತುವ ಮಾಸ್ಕೂ ಬಂತು. ಮಾಸ್ಕಿಗೆ ಬ್ಯಾಟರಿ ಸಾಕು. ಆಕ್ಸಿಜನ್ ಮಷೀನು ಮಾತ್ರ ಮನೆಯ ಕರೆಂಟು ಬಿಟ್ಟು ಕದಲದು. ಅದು ಬೇಕಾದಷ್ಟು ದಿನ ಅವನು ಹೊಲದಲ್ಲಿ ಪೆಟ್ಟಿಗೆಗಳ ಪಕ್ಕ ಮಲಗುವಂತಿಲ್ಲ. ಎರಡು ಹೂವಿನ ಕಾಲ ಅವನಿಲ್ಲದೆ ಕಳೆದಿದ್ದವು.

"ಮಾಸ್ಕ್ ಒಂದೇ ಹಾಕ್ಕೊಂಡು ಮಲಗಿ ನೋಡೋಣ," ಎಂದು ಡಾಕ್ಟರಮ್ಮ ಬೆರಳಿಗೊಂದು ಕ್ಲಿಪ್ ಕೊಟ್ಟಿದ್ದರು. "ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಇದು ಬರ್ಕೊಳ್ಳುತ್ತೆ. ತೊಂಬತ್ತರ ಕೆಳಗಿಳಿದು ಅಲ್ಲೇ ನಿಂತ್ರೆ ಕೂಗುತ್ತೆ. ಆಗ ಮಾತ್ರ ಕೊಳವೆ ಸೇರಿಸಿ."

ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿಕೊಂಡು ಹಾಸಿಗೆಯ ಮೇಲೆ ನಿಧಾನಕ್ಕೆ ಹರಡುತ್ತಿತ್ತು. ಅವನು ಅದರೊಳಗೆ ಮುಳುಗುತ್ತ ಮುಳುಗುತ್ತ ಹೋದ. ಪಕ್ಕದಲ್ಲಿ ಹೆಂಡತಿ ಕಿವಿಯಾಗಿ ಕೂತಿದ್ದಳು. ಗೊರಕೆ ಇದ್ದರೆ ಗಂಡ ಇದ್ದಾನೆ; ನಿಂತರೆ ತಿವಿಯಬೇಕು. ಕಾಯಿಲೆ ಬಂದ ಈ ಎರಡು ವರ್ಷ ಅವಳು ನಂಬಿದ್ದು ಇಷ್ಟೇ. ಇಂದು ಗೊರಕೆಯೇ ಇಲ್ಲ. ಮನೆ ದಡ ಬಿಟ್ಟ ದೋಣಿಯ ಹಾಗೆ ಸದ್ದಿಲ್ಲದೆ ಎಲ್ಲಿಗೋ ತೇಲುತ್ತಿದೆ ಅನ್ನಿಸಿತು. ಕ್ಲಿಪ್ಪು ತೊಂಬತ್ತನಾಲ್ಕು ಅನ್ನುತ್ತಿತ್ತು. ಕಣ್ಣು ಓದಿತು, ಕಿವಿ ಒಪ್ಪಲಿಲ್ಲ. ಕೊಳವೆ ಸಿಕ್ಕಿಸಿ ಮಷೀನು ಹಾಕಿಬಿಟ್ಟಳು. ಅವನೇಳುವ ಮುಂಚೆ ತೆಗೆದಿಟ್ಟಳು.

ಮರುದಿನ ಡಾಕ್ಟರಮ್ಮ ಕ್ಲಿಪ್ಪು ಬರೆದ ಗೆರೆ ನೋಡಿ, "ತೊಂಬತ್ತೇಳು! ಆಕ್ಸಿಜನ್ ಇನ್ನು ಬೇಡ," ಅಂದರು. ಅವನ ಮುಖ ಮದುಮಗನದಾಯಿತು. ಅವಳಿಗೆ ಆಗ ಹೊಳೆಯಿತು: ಈ ಸುಳ್ಳಿನ ಮೇಲೆ ತಲೆಯಿಟ್ಟು ಅವನು ಹೊಲದಲ್ಲಿ ಒಬ್ಬನೇ ಮಲಗುತ್ತಾನೆ.

"ನಾನು ಕೊಳವೆ ಸೇರಿಸಿದ್ದೆ," ಅಂದಳು.

"ಕ್ಲಿಪ್ ಕೂಗಿತ್ತೇನಮ್ಮ?"

"ಇಲ್ಲ. ಗೊರಕೆ ಇರ್ಲಿಲ್ಲ."

"ಮೂವತ್ತು ವರ್ಷ ಗೊರಕೆ ಹೊಡೀಬೇಡ ಅಂತ ತಿವಿದಳು ಡಾಕ್ಟ್ರೇ," ಅಂದ ಅವನು. "ಈಗ ಹೊಡೀದಿದ್ರೂ ತಪ್ಪು!"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಮಾಸ್ಕಿಂದ ಉಸಿರಿನ ದಾರಿ ತೆರೆದಿದೆ, ಅದಕ್ಕೇ ಸದ್ದಿಲ್ಲ ಕಣಮ್ಮ. ಆದ್ರೆ ಈ ಗೆರೆ ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಆಗ್ಲಿ."

ಆ ಮಧ್ಯಾಹ್ನ ಅವಳು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು. ಕೈ ಏರಿತು, ಇಳಿಯಿತು, ಏರಿತು. ಗಾಳಿಗೆ ಬಾಗುವ ಹಳದಿ ಹೊಲದ ಅಂಚಿನಲ್ಲಿ ತಾನೂ ನಡೆಯುತ್ತಿದ್ದೇನೆ, ಕಾಲಿಗೆ ನೆಲ ತಾಗುತ್ತಿಲ್ಲ ಎಂಬಂತೆ ಕನಸು. ಎಚ್ಚರವಾದಾಗ ಸಂಜೆ, ಕೈ ಅಲ್ಲೇ ಇತ್ತು. ಕ್ಲಿಪ್ಪು ಕೂಗಿರಲಿಲ್ಲ.

"ತೊಂಬತ್ತಮೂರು," ಅಂದರು ಮಾರನೆಯ ದಿನ ಡಾಕ್ಟರಮ್ಮ. "ಒಮ್ಮೆ ತೊಂಬತ್ತಕ್ಕೆ ಬಂದು ಮೇಲೆದ್ದಿದೆ. ಆಕ್ಸಿಜನ್ ಬೇಡ. ಮಾಸ್ಕ್ ಬಿಟ್ಟೀರಿ, ಜೋಕೆ!"

ಸಂಜೆ ಅವನು ಬ್ಯಾಟರಿ, ಮಾಸ್ಕು ಗಾಡಿಗೇರಿಸಿದ. ಅವಳು ಎರಡು ಚಾಪೆ ತಂದಳು.

"ನಿನಗ್ಯಾಕೆ? ಹುಳ ಕಚ್ತಾವೆ ಕಣೆ."

"ಕಚ್ಲಿ ಬಿಡಿ. ಸ್ವಲ್ಪ ಸರೀರಿ," ಎಂದು ಅವಳು ಗಾಡಿ ಹತ್ತಿದಳು.